ಮೊದಲು ರೊಕ್ಕ, ಆಮೇಲೆ ಬೆಳಕು

ಪ್ರೀಪೇಡ್ ಎಂಬ ಶಬ್ದ ನಮ್ಮ ಕಡೆಯ ಹೆಂಗಸರ ಬಾಯಿಗೆ ಬಂದದ್ದು ಮೊಬೈಲ್ ಫೋನಿನ ಜೊತೆಗೆ. ಶಬ್ದ ಹೊಸದು, ವ್ಯವಹಾರ ಮಾತ್ರ ಅಜ್ಜಿಯ ಕಾಲದ್ದು. ಚಿಮಣಿ ಎಣ್ಣೆಯ ಬಾಟಲಿಯ ಕೊರಳಿಗೆ ಹುರಿ ಕಟ್ಟಿ, ಮುಷ್ಟಿಯಲ್ಲಿ ಚಿಲ್ಲರೆ ಹಿಡಿದು ಅಂಗಡಿಗೆ ಓಡುತ್ತಿದ್ದ ಹುಡುಗಿಯರಲ್ಲಿ ನಾನೂ ಒಬ್ಬಳು. ಮೊದಲು ರೊಕ್ಕ, ಆಮೇಲೆ ಎಣ್ಣೆ, ಅದಾದ ಮೇಲೆ ಬೆಳಕು. ಸಂಜೆಯಾಗುತ್ತಲೇ ಅವ್ವ ಕಂದೀಲಿನ ಗಾಜಿಗೆ ಬೂದಿ ಹಚ್ಚಿ ಹಳೆಯ ಅರಿವೆಯಿಂದ ಒರೆಸುತ್ತಿದ್ದಳು. ಒರೆಸಿಯಾದ ಮೇಲೆ ಕಂದೀಲನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸುತ್ತಿದ್ದಳು. ಒಳಗಿನ ಎಣ್ಣೆಯ ಸಪ್ಪಳದ ಮೇಲೆ ಇನ್ನೆಷ್ಟು ರಾತ್ರಿ ನಡೆಯುತ್ತದೆ ಎಂಬ ಲೆಕ್ಕ ಅವಳಿಗೆ ಸಿಗುತ್ತಿತ್ತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದು ಬ್ಯಾಲೆನ್ಸ್ ನೋಡುವುದು. ಎಣ್ಣೆ ತಳ ಕಂಡರೆ ಬತ್ತಿ ಇಳಿಸುತ್ತಿದ್ದಳು, ನಾವು ಒಂದೇ ದೀಪದ ಸುತ್ತ ಕೂತು ಓದುತ್ತಿದ್ದೆವು. ಎಣ್ಣೆ ಪೂರ್ತಿ ತೀರಿದ ದಿನ ದೀಪ ಆರಿತು ಎನ್ನುವಂತಿರಲಿಲ್ಲ, ಶಾಂತ ಆತು ಎನ್ನಬೇಕಿತ್ತು.

ಈಗ ನಾಲ್ಕೈದು ವರ್ಷಗಳಿಂದ ಪತ್ರಿಕೆಗಳಲ್ಲಿ ಮನೆಯ ಕರೆಂಟಿಗೂ ಪ್ರೀಪೇಡ್ ಮೀಟರು ಎಂಬ ಮಾತು ಬರುತ್ತಿದೆ. ನಮ್ಮ ಯರಗುಪ್ಪಿಯ ಕಡೆ ಹಳೆಯ ಮನೆಗಳಿಗೆ ಇದನ್ನು ಬರೆಯುವ ಹೊತ್ತಿನವರೆಗೆ ಅದು ಕಡ್ಡಾಯವಾಗಿ ಬಂದಿಲ್ಲ. ಬಾರದ ಅಳಿಯನ ಬಗ್ಗೆ ಬೀಗರೆಲ್ಲ ಮಾತಾಡಿದ ಹಾಗೆ ನಮ್ಮ ಸ್ಟಾಫ್ ರೂಮಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕುಂದಗೋಳದ ಸಂತೆಯಲ್ಲಿ ಅದರ ಗುಣಾವಗುಣಗಳ ಚರ್ಚೆ ಆಗಲೇ ನಡೆದಿದೆ. ಸಮಾಜ ಶಾಸ್ತ್ರ ಕಲಿಸುವ ನನಗೆ ಯಾವುದೇ ವಸ್ತು ಮನೆಗೆ ಬರುವ ಮೊದಲು ಅದು ಯಾರ ಯಾರ ಮನೆ ಹೊಕ್ಕು ಬಂದಿದೆ ಎಂದು ವಿಚಾರಿಸುವ ಚಟ. ಸೊಸೆಯನ್ನು ತರುವವರು ಕೂಡ ಅಷ್ಟು ವಿಚಾರಿಸುತ್ತಾರಲ್ಲ!

ಮೀಟರಿನ ವಂಶಾವಳಿ ಬಲು ಸೋಜಿಗದ್ದು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ ತನ್ನ ವಿದ್ಯುತ್ ಕೇಂದ್ರ ತೆರೆದಾಗ ಗಿರಾಕಿಗಳ ಮನೆಯಲ್ಲಿ ಇಟ್ಟ ಮೀಟರು ಒಂದು ಗಾಜಿನ ಜಾಡಿ. ಜಾಡಿಯೊಳಗೆ ಸತುವಿನ ದ್ರಾವಣ, ಅದರಲ್ಲಿ ಮುಳುಗಿದ ಎರಡು ಸತುವಿನ ಹಲಗೆಗಳು. ಕರೆಂಟು ಹರಿದ ಹಾಗೆ ಒಂದು ಹಲಗೆಯ ಸತು ಕರಗಿ ಇನ್ನೊಂದಕ್ಕೆ ಹೋಗಿ ಅಂಟುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯ ಆಳು ಬಂದು ಹಲಗೆಗಳನ್ನು ಒಯ್ದು, ಅಕ್ಕಸಾಲಿಗ ಬಂಗಾರ ತೂಗಿದಂತೆ ತಕ್ಕಡಿಯಲ್ಲಿ ತೂಗಿ ಬಿಲ್ಲು ಮಾಡುತ್ತಿದ್ದರು. ಚಳಿಗಾಲದಲ್ಲಿ ದ್ರಾವಣ ಹೆಪ್ಪುಗಟ್ಟಬಾರದೆಂದು ಮೀಟರಿನ ಪೆಟ್ಟಿಗೆಯೊಳಗೇ ಒಂದು ಬಲ್ಬು ಇಡುತ್ತಿದ್ದರಂತೆ, ಬಾಣಂತಿಯ ಮಂಚದ ಕೆಳಗೆ ಕೆಂಡದ ಬುಟ್ಟಿ ಇಟ್ಟ ಹಾಗೆ. ಆದರೆ ಈ ಮೀಟರನ್ನು ಮನೆಯಾಕೆ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ತೂಗಿದವನು ಹೇಳಿದ್ದೇ ಲೆಕ್ಕ. ಆಮೇಲೆ 1889ರಲ್ಲಿ ಹಂಗೇರಿ ದೇಶದ ಓಟೋ ಬ್ಲಾಥಿ ಎಂಬ ಎಂಜಿನಿಯರು ತಿರುಗುವ ತಟ್ಟೆಯ ಮೀಟರು ಮಾಡಿದ. ನಮ್ಮ ಪಡಸಾಲೆಗಳ ಗೋಡೆಯ ಮೇಲೆ ಬಹಳ ವರ್ಷ ತಿರುಗಿದ ತಟ್ಟೆ ಅದರದೇ ಮೊಮ್ಮಗ.

ಆ ತಿರುಗುವ ತಟ್ಟೆಯ ಮೇಲೆ ನನಗೆ ಇಂದಿಗೂ ಮಮತೆ. ಅಂಚಿಗೆ ಒಂದು ಕೆಂಪೋ ಕಪ್ಪೋ ಗುರುತು ಇರುತ್ತಿತ್ತು. ಒಂದೇ ಬಲ್ಬು ಹತ್ತಿದ್ದರೆ ತೇರು ಎಳೆದ ಹಾಗೆ ಮೆಲ್ಲಗೆ ಬರುತ್ತಿದ್ದ ಆ ಗುರುತು, ಇಸ್ತ್ರಿ ಪೆಟ್ಟಿಗೆ ಹಚ್ಚಿದ ಕೂಡಲೇ ಬುಗುರಿಯಾಗುತ್ತಿತ್ತು. ಅಕ್ಷರ ಬಾರದ ಹೆಂಗಸರಿಗೂ ಇದು ತಿಳಿಯುತ್ತಿತ್ತು. 'ಏ, ಚಕ್ರ ಹುಚ್ಚೆದ್ದು ತಿರಗಾಕ ಹತ್ತೇತಿ, ಅದೇನು ಹಚ್ಚೀರಿ ನೋಡ್ರೋ' ಎಂದು ಅಡಿಗೆಮನೆಯಿಂದ ಕೂಗುತ್ತಿದ್ದರು. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಸಾಸಿವೆಯಷ್ಟು ಕೆಂಪು ದೀಪ ಮಿನುಗುತ್ತದೆ. ಮೀಟರಿನ ಮೇಲೆ 3200 ಎಂದು ಬರೆದಿದ್ದರೆ ಅಷ್ಟು ಸಲ ಮಿನುಗಿದಾಗ ಒಂದು ಯೂನಿಟ್ ಎಂದು ಅರ್ಥ. ಕೂತು ಎಣಿಸುವವರು ಯಾರು?

ರೊಕ್ಕ ಹಾಕಿದರೆ ಮಾತ್ರ ನಡೆಯುವ ಮೀಟರು ಹುಟ್ಟಿದ್ದು ಕರೆಂಟಿಗಲ್ಲ, ಗ್ಯಾಸಿಗೆ. ಇಂಗ್ಲೆಂಡಿನಲ್ಲಿ 1880ರ ದಶಕದ ಕೊನೆಯ ಹೊತ್ತಿಗೆ ನಾಣ್ಯ ಹಾಕುವ ಗ್ಯಾಸ್ ಮೀಟರು ಬಂತು, 1890ರ ದಶಕದಲ್ಲಿ ಲಂಡನ್ನಿನ ಕೂಲಿಕಾರರ ಮನೆಗಳನ್ನು ಹೊಕ್ಕಿತು. ಅದಕ್ಕೂ ಮೊದಲು ಗ್ಯಾಸು ಉಳ್ಳವರ ಮನೆಯ ಸೊತ್ತು. ಮೂರು ತಿಂಗಳಿಗೊಮ್ಮೆ ಬಿಲ್ಲು ಕಳಿಸುವ ಕಂಪನಿಗೆ ವಾರದ ಕೂಲಿಯ ಮೇಲೆ ಬದುಕುವ ಸಂಸಾರವನ್ನು ನಂಬುವ ಧೈರ್ಯ ಇರಲಿಲ್ಲ. ಮೀಟರಿನ ಬಾಯಿಗೆ ಒಂದು ಪೆನ್ನಿ ಹಾಕಿದರೆ ಒಂದು ಪೆನ್ನಿಯಷ್ಟು ಗ್ಯಾಸು ಎಂದಾದ ಮೇಲೆ ಆ ಅಡ್ಡಿ ಹೋಯಿತು. ಬಡವರ ಮನೆಯಲ್ಲಿ ಗ್ಯಾಸಿನ ಒಲೆ ಹತ್ತಿತು, ಕಲ್ಲಿದ್ದಲು ಹೊರುವುದು, ಬೂದಿ ಬಳಿಯುವುದು ಅಷ್ಟರ ಮಟ್ಟಿಗೆ ತಪ್ಪಿತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಪ್ರೀಪೇಡ್ ಎಂದರೆ ಬಡವರ ಶತ್ರು ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ಕಥೆಯನ್ನು ಮರೆಯುತ್ತಾರೆ. ನಂಬಿಕೆ ಸಿಗದವರಿಗೆ ಅದು ಬಾಗಿಲು ತೆರೆಯಿತು. ಆದರೆ ಬಾಗಿಲಿನಲ್ಲಿ ಕಾವಲುಗಾರ ಕೂತೇ ಇದ್ದ, ಆ ಮಾತು ಬೇರೆ.

ಆ ಕಾಲದ ಒಂದು ಚಿತ್ರ ನನಗೆ ಬಲು ಇಷ್ಟ. ಕಂಪನಿಯ ಆಳು ಬಂದು ಮೀಟರಿನ ಪೆಟ್ಟಿಗೆ ಬಿಚ್ಚಿ, ನಾಣ್ಯಗಳನ್ನು ಅಡಿಗೆಮನೆಯ ಮೇಜಿನ ಮೇಲೆ ಸುರಿದು ಕುಪ್ಪೆ ಕುಪ್ಪೆ ಮಾಡಿ ಎಣಿಸುತ್ತಿದ್ದ. ಮೀಟರಿನಲ್ಲಿ ದರ ಸ್ವಲ್ಪ ಹೆಚ್ಚಿಗೇ ಇಟ್ಟಿರುತ್ತಿದ್ದರು. ಲೆಕ್ಕ ಮಾಡಿ ಉಳಿದದ್ದನ್ನು ಅಲ್ಲೇ ಮನೆಯಾಕೆಯ ಕೈಗೆ ತಿರುಗಿ ಕೊಡುತ್ತಿದ್ದ. ಗಂಡನಿಗೆ ಲೆಕ್ಕ ಒಪ್ಪಿಸಬೇಕಿಲ್ಲದ ಆ ನಾಲ್ಕು ಕಾಸಿಗೆ ಎಷ್ಟೋ ಹೆಂಗಸರು ಕಾಯುತ್ತಿದ್ದರಂತೆ. ನಮ್ಮಲ್ಲಿ ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಪೆನ್ನಿ ಹೋಗಿ ಶಿಲಿಂಗ್ ಬಂತು, ಕರೆಂಟಿಗೂ ಇದೇ ಬಗೆಯ ಮೀಟರು ಬಂತು. ಬಾಡಿಗೆ ಕೋಣೆಗಳ ಮಾಲೀಕರು ದರ ಏರಿಸಿಟ್ಟು ಲಾಭ ಮಾಡಿಕೊಂಡದ್ದೂ ಉಂಟು, ಕಳ್ಳರು ನಾಣ್ಯಕ್ಕಾಗಿ ಮೀಟರು ಒಡೆದದ್ದೂ ಉಂಟು.

ಇನ್ನು ನಮ್ಮ ನಾಡಿನ ಮಾತು. ಕನ್ನಡ ನಾಡಿನ ವಿದ್ಯುತ್ತಿನ ಚರಿತ್ರೆ ಬರೆಯುವವರು ಶಿವನಸಮುದ್ರದಿಂದ ಶುರು ಮಾಡುತ್ತಾರೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಹೋಯಿತು. ಬೆಳಕು ಮೊದಲು ಹೋದದ್ದು ಬಂಗಾರದ ಕಡೆಗೆ, ಮನುಷ್ಯರ ಕಡೆಗೆ ಆಮೇಲೆ. 1905ರಲ್ಲಿ ಬೆಂಗಳೂರಿನ ಬೀದಿ, 1908ರಲ್ಲಿ ಮೈಸೂರು. ಆದರೆ ಅದು ಮೈಸೂರು ಸಂಸ್ಥಾನದ ಕಥೆ, ನಮ್ಮದಲ್ಲ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ. ಹುಬ್ಬಳ್ಳಿಯಲ್ಲಿ ಕರೆಂಟು ಕೊಡುತ್ತಿದ್ದದ್ದು ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿ ಎಂಬ ಖಾಸಗಿ ಕಂಪನಿ. 1910ರ ವಿದ್ಯುತ್ ಕಾಯ್ದೆಯ ಕೆಳಗೆ ಅದಕ್ಕಿದ್ದ ಪರವಾನಗಿಯನ್ನು ಮುಂಬಯಿ ಸರಕಾರ ರದ್ದು ಮಾಡಿತು. ಕಂಪನಿ ಸುಮ್ಮನಿರಲಿಲ್ಲ, ವ್ಯಾಜ್ಯ ಹೂಡಿತು. ಆ ವ್ಯಾಜ್ಯ ಸಮುದ್ರ ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಸರಕಾರದ ಪರವಾಗಿ ತೀರ್ಪಾಯಿತು. ಹುಬ್ಬಳ್ಳಿಯ ದೀಪದ ಜಗಳವನ್ನು ಲಂಡನ್ನಿನಲ್ಲಿ ಕೂತು ಬಿಡಿಸಿದರು ಎಂದರೆ ನಮ್ಮ ಹುಡುಗರು ನಗುತ್ತಾರೆ, ಆದರೆ ಕಾನೂನು ಓದುವವರು ಇಂದಿಗೂ ಆ ಮೊಕದ್ದಮೆಯನ್ನು ಓದುತ್ತಾರೆ. ಕಂಪನಿ ಸರಿಯಾಗಿ ನಡೆಯದಿದ್ದರೆ ಅದರ ಪರವಾನಗಿ ಹೋಗುತ್ತದೆ ಎಂಬ ಅಂಶ ಮಾತ್ರ ನೆನಪಿಡುವಂಥದು. ಬಾಕಿ ಉಳಿಸಿಕೊಂಡ ಗಿರಾಕಿಯ ಫ್ಯೂಜು ಕೀಳುವಂತೆಯೇ ತಪ್ಪಿದ ಕಂಪನಿಯ ಫ್ಯೂಜನ್ನೂ ಒಮ್ಮೆ ಕಿತ್ತಿದ್ದರು.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮರುವರ್ಷ 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ನಾಡಿನ ಹೆಸರು ಕರ್ನಾಟಕವಾದ ಮೇಲೆ ಜನರ ಬಾಯಲ್ಲಿ ಅದು ಕೆಇಬಿ ಆಯಿತು. 1960ರ ದಶಕದಲ್ಲಿ ಶರಾವತಿಯ ಕರೆಂಟು ಬಂದ ಮೇಲೆಯೇ ಹಳ್ಳಿಗಳ ಕಡೆ ಕಂಬಗಳು ನಡೆದು ಬಂದವು. 1999ರಲ್ಲಿ ಮಂಡಳಿ ಹೋಗಿ ನಿಗಮವಾಯಿತು, 2002ರ ಜೂನ್ 1ರಿಂದ ನಮ್ಮ ಭಾಗಕ್ಕೆ ಹೆಸ್ಕಾಂ. ಹೆಸರು ಎಷ್ಟು ಬದಲಾದರೂ ನಮ್ಮ ಮುದುಕಿಯರಿಗೆ ಅದು ಇವತ್ತಿಗೂ ಕೆಇಬಿಯೇ.

ನಾನು ಕಣ್ಣು ಬಿಡುವ ಹೊತ್ತಿಗೆ ಓಣಿಯ ಕಂಬಕ್ಕೆ ಲೈಟು ಇತ್ತು, ಎಲ್ಲ ಮನೆಗಳಿಗೆ ಇರಲಿಲ್ಲ. ಎಂಬತ್ತರ ದಶಕ ಬರುವ ಹೊತ್ತಿಗೆ ಭಾಗ್ಯಜ್ಯೋತಿ ಯೋಜನೆ ಬಂತು. ಬಡವರ ಗುಡಿಸಲಿಗೆ ಒಂದೇ ಒಂದು ಬಲ್ಬು. ನೋಡುವವರಿಗೆ ಒಂದು ಬಲ್ಬು, ಆ ಬಲ್ಬಿನ ಕೆಳಗೆ ರೊಟ್ಟಿ ಬಡಿಯುವ ಹೆಂಗಸಿಗೆ ಅದು ಸೂರ್ಯ. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹಂಚಿನ ಮೇಲಿನ ರೊಟ್ಟಿ ಬೆಂದಿದೆಯೋ ಸೀದಿದೆಯೋ ಎಂದು ಕೈಯಿಂದ ಮುಟ್ಟಿ ನೋಡುತ್ತಿದ್ದವರು ಕಣ್ಣಿನಿಂದ ನೋಡುವಂತಾಯಿತು.

ಕರೆಂಟಿನ ಜೊತೆಗೆ ಇನ್ನೊಂದು ವಸ್ತು ಬಂತು, ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಅದು ಉದ್ರಿ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬೇಕಾದರೆ ಶೆಟ್ಟರ ಮುಂದೆ ಸೆರಗು ಸರಿಪಡಿಸಿಕೊಂಡು, ಧ್ವನಿ ತಗ್ಗಿಸಿ, ಬಂದವರೆಲ್ಲ ಹೋಗುವ ತನಕ ಕಾದು ಕೇಳಬೇಕು. 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ಎದುರಿಗೇ ತೂಗುತ್ತಿರುತ್ತದೆ. ಆದರೆ ಕರೆಂಟು ಹಾಗಲ್ಲ. ಮೊದಲು ಉರಿಸು, ತಿಂಗಳು ಮುಗಿದ ಮೇಲೆ ಬಿಲ್ಲು, ಬಿಲ್ಲಿಗೆ ಮತ್ತೆ ಹದಿನೈದು ದಿನ. ಯಾರನ್ನೂ ಬೇಡದೆ ಒಬ್ಬ ಬಡ ಹೆಣ್ಣುಮಗಳಿಗೆ ಸಿಕ್ಕ ಉದ್ರಿ ಇದೊಂದೇ ಎಂದು ನನಗನಿಸುತ್ತದೆ. ಬೀಜ-ಗೊಬ್ಬರದ ತಿಂಗಳಿನಲ್ಲಿ, ಶಾಲೆಯ ಫೀ ಕಟ್ಟುವ ಜೂನಿನಲ್ಲಿ, ಮಗಳ ಬಾಣಂತನದಲ್ಲಿ ಮೊದಲು ಮುಂದಕ್ಕೆ ಹೋಗುವುದು ಕರೆಂಟು ಬಿಲ್ಲೇ. ಮೆಣಸಿನಕಾಯಿಯೋ ಹತ್ತಿಯೋ ಪೇಟೆಗೆ ಹೋದ ಮೇಲೆ ಕಟ್ಟಿದರಾಯಿತು ಎಂಬ ಧೈರ್ಯ. ನಮ್ಮ ಎರೆ ಸೀಮೆಯಲ್ಲಿ ರೊಕ್ಕ ತಿಂಗಳಿಗೊಮ್ಮೆ ಬರುವುದಿಲ್ಲ, ಸುಗ್ಗಿಗೊಮ್ಮೆ ಬರುತ್ತದೆ. ಪಗಾರದವರು ಮಾಡಿದ ಲೆಕ್ಕ ಸುಗ್ಗಿಯವರಿಗೆ ಹೊಂದುವುದಿಲ್ಲ.

ಹಾಗೆಂದು ಈ ಉದ್ರಿ ಪುಕ್ಕಟೆಯಲ್ಲ. ಸಂಪರ್ಕ ಕೊಡುವಾಗಲೇ ಭದ್ರತಾ ಠೇವಣಿ ಎಂದು ತೆಗೆದುಕೊಂಡಿರುತ್ತಾರೆ. ಸುಮಾರು ಎರಡು ತಿಂಗಳ ಬಳಕೆಯಷ್ಟು. ಬಳಕೆ ಹೆಚ್ಚಿದರೆ ಹೆಚ್ಚುವರಿ ಠೇವಣಿ ಕಟ್ಟಿ ಎಂದು ಮತ್ತೆ ನೋಟೀಸು. ಲೆಕ್ಕಕ್ಕೆ ಕೂತರೆ ನಾವು ಈಗಲೂ ಅರ್ಧ ಪ್ರೀಪೇಡಿನವರೇ. 2003ರ ವಿದ್ಯುತ್ ಕಾಯ್ದೆಯ 47ನೆಯ ಕಲಮು ಪ್ರೀಪೇಡ್ ಮೀಟರು ಒಪ್ಪಿದವರಿಂದ ಈ ಠೇವಣಿ ಕೇಳುವಂತಿಲ್ಲ ಎನ್ನುತ್ತದೆ. ಹೊಸದಾಗಿ ಮನೆ ಮಾಡುವವರಿಗೆ, ಊರು ಬಿಟ್ಟು ಊರಿಗೆ ವರ್ಗವಾಗಿ ಬಾಡಿಗೆ ಮನೆ ಹಿಡಿಯುವ ನನ್ನಂಥ ನೌಕರದಾರರಿಗೆ ಇದು ಸಣ್ಣ ಲಾಭವಲ್ಲ. ಹಿಂದಿನ ಬಾಡಿಗೆದಾರ ಉಳಿಸಿಹೋದ ಬಾಕಿಯನ್ನು ನಮ್ಮ ತಲೆಗೆ ಕಟ್ಟುವ ತಂಟೆಯೂ ತಪ್ಪುತ್ತದೆ. ಜೊತೆಗೆ ಕೆಲವು ರಾಜ್ಯಗಳಲ್ಲಿ ಪ್ರೀಪೇಡಿನವರಿಗೆ ಶೇಕಡಾ ಎರಡು-ಮೂರರಷ್ಟು ರಿಯಾಯಿತಿ ಕೊಡುತ್ತಾರೆ.

ಮಾನದ ಪ್ರಶ್ನೆಯೂ ಇದೆ. ಬಿಲ್ಲು ಬಾಕಿಯಾದ ಮನೆಯ ಮುಂದೆ ಲೈನ್‌ಮನ್ ಬಂದು ನಿಂತರೆ ಇಡೀ ಓಣಿ ಹೊರಗೆ ಬರುತ್ತದೆ. ಆತ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಳ್ಳುವ ತನಕ ಯಾರೂ ಮಾತಾಡುವುದಿಲ್ಲ, ಆತ ಹೋದ ಮೇಲೆ ಎಲ್ಲರೂ ಮಾತಾಡುತ್ತಾರೆ. ಆತ ತಪ್ಪಿತಸ್ಥನಲ್ಲ, ಹೊಟ್ಟೆಪಾಡಿನ ನೌಕರಿ. ಒಳಗೆ ಕೂತ ಹೆಣ್ಣುಮಗಳಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸುತ್ತದೆ. ಪ್ರೀಪೇಡ್ ಮೀಟರು ಈ ಬಯಲಾಟವನ್ನು ನಿಲ್ಲಿಸುತ್ತದೆ. ಕತ್ತಲೆ ಯಾರಿಗೂ ಗೊತ್ತಾಗದ ಹಾಗೆ ಬರುತ್ತದೆ. ಒಳ್ಳೆಯದೇ ಎಂದು ಮೊದಲು ನಾನೂ ಅಂದುಕೊಂಡೆ. ಆದರೆ ಯಾರಿಗೂ ಗೊತ್ತಾಗದ ಕತ್ತಲೆಯಲ್ಲಿ ಕೂತವರ ನೆರವಿಗೆ ಯಾರೂ ಬರುವುದಿಲ್ಲ ಎಂಬುದೂ ಅಷ್ಟೇ ದಿಟ. ಲೈನ್‌ಮನ್ ಜೊತೆ ವಾದಿಸಬಹುದು, 'ಅಣ್ಣಾ, ಹುಡುಗೀದು ಪರೀಕ್ಷೆ ಐತಿ, ಸೋಮವಾರ ಕಟ್ಟತೀವಿ' ಎನ್ನಬಹುದು. ಆತ ಎಷ್ಟೋ ಸಲ ಗೊಣಗುತ್ತಲೇ ಸೈಕಲ್ಲು ಹತ್ತಿ ಹೋಗಿದ್ದಾನೆ. ಮೀಟರಿಗೆ ಅಣ್ಣ ಎಂದರೆ ಕೇಳಿಸುವುದಿಲ್ಲ.

ಕಾಯ್ದೆಯಲ್ಲಿ ಈ ಗೊಣಗುವಿಕೆಗೆ ಒಂದು ಹೆಸರಿದೆ, ನೋಟೀಸು. ಬ್ರಿಟಿಷರ 1910ರ ಕಾಯ್ದೆಯಲ್ಲಿ ಬಾಕಿದಾರನ ಕರೆಂಟು ಕಡಿಯುವ ಮೊದಲು ಏಳು ದಿನದ ನೋಟೀಸು ಕೊಡಬೇಕಿತ್ತು. ನಮ್ಮ 2003ರ ಕಾಯ್ದೆಯ 56ನೆಯ ಕಲಮು ಅದನ್ನು ಹದಿನೈದು ದಿನಕ್ಕೆ ಏರಿಸಿತು, ಅದೂ ಬರವಣಿಗೆಯಲ್ಲಿ. ತೊಂಬತ್ತಮೂರು ವರ್ಷದಲ್ಲಿ ಬಡವನಿಗೆ ಎಂಟು ದಿನ ಹೆಚ್ಚಿಗೆ ಸಿಕ್ಕಿತು. ಪ್ರೀಪೇಡಿನಲ್ಲಿ ಬಾಕಿ ಎಂಬುದೇ ಇಲ್ಲವಾದ್ದರಿಂದ ಆ ಹದಿನೈದು ದಿನಕ್ಕೆ ಜಾಗವೂ ಇಲ್ಲ. ಬ್ಯಾಲೆನ್ಸ್ ಕಡಿಮೆಯಾಗಿದೆ ಎಂದು ಫೋನಿಗೆ ಸಂದೇಶ ಬರುತ್ತದೆ, ಆಮೇಲೆ ಕಡಿಯುತ್ತದೆ. ರಾತ್ರಿ ಹೊತ್ತು, ರಜಾದಿನ ಕಡಿಯಬಾರದು ಎಂಬ ನಿಯಮ ಕೆಲವು ಕಡೆ ಮಾಡಿದ್ದಾರೆ. ಅದು ಎಲ್ಲ ಕಡೆಗೂ ಬೇಕು.

ರೊಕ್ಕ ಮೊದಲು, ಸವಲತ್ತು ಆಮೇಲೆ ಎಂಬ ಮಾತಿಗೆ ನಮ್ಮ ಜಿಲ್ಲೆಯ ಜನ ಕಿವಿ ನೆಟ್ಟಗೆ ಮಾಡುವುದಕ್ಕೆ ಇನ್ನೊಂದು ಕಾರಣ ಉಂಟು. ಮಲಪ್ರಭೆಯ ಕಾಲುವೆ ಬಂದಾಗ ಎಷ್ಟೋ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಎಂಬ ಕರ ಬಂದು ಕೂತಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗೆ ಬಂದರು. ಗೋಲೀಬಾರಿನಲ್ಲಿ ಜೀವಗಳು ಹೋದವು. ಪ್ರತಿ ವರ್ಷ ಆ ದಿನ ಇಂದಿಗೂ ಅಲ್ಲಿ ಹುತಾತ್ಮ ರೈತರನ್ನು ನೆನೆಯುತ್ತಾರೆ. ಅದು ಮೀಟರಿನ ಜಗಳವಲ್ಲ, ನಿಜ. ಆದರೆ ಬಾರದ ನೀರಿಗೆ ರೊಕ್ಕ ಕೇಳಿಸಿಕೊಂಡ ಸೀಮೆಯವರಿಗೆ, ದಿನಕ್ಕೆ ಮೂರು ಸಲ ಹೋಗುವ ಕರೆಂಟಿಗೆ ಮುಂಗಡ ಕೊಡಿ ಎಂದರೆ ಹಳೆಯ ಗಾಯ ತುರಿಸುತ್ತದೆ.

ಬೇರೆ ದೇಶಗಳ ಕಥೆಗಳಲ್ಲಿ ನನ್ನನ್ನು ಬಹಳ ಕಾಡಿದ್ದು ದಕ್ಷಿಣ ಆಫ್ರಿಕಾದ್ದು. ವರ್ಣಭೇದದ ಸರಕಾರದ ಕೊನೆಯ ವರ್ಷಗಳಲ್ಲಿ ಸೊವೆಟೊದಂಥ ಕರಿಯರ ವಸತಿಗಳ ಜನ ಬಾಡಿಗೆ, ಬಿಲ್ಲು ಯಾವುದನ್ನೂ ಕಟ್ಟುವುದಿಲ್ಲ ಎಂದು ಕೂತರು. ಅದು ಅವರ ಅಸಹಕಾರ ಚಳವಳಿ, ನಮ್ಮ ಗಾಂಧೀಜಿ ಅಲ್ಲೇ ಕಲಿತು ಬಂದ ಪಾಠವನ್ನು ಅವರು ಮತ್ತೆ ತೆರೆದರು ಎನ್ನಬೇಕು. ಬಿಲ್ಲು ಕಟ್ಟದ ಜನಕ್ಕೆ ಕರೆಂಟು ಮಾರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಪ್ರೀಪೇಡ್ ಮೀಟರು ಬಂತು. 1990ರ ದಶಕದಲ್ಲಿ ಲಕ್ಷ ಲಕ್ಷ ಮನೆಗಳಿಗೆ ಮೊದಲ ಸಲ ಕರೆಂಟು ಕೊಟ್ಟಾಗ ಅದರ ಜೊತೆಗೇ ಈ ಮೀಟರನ್ನೂ ಗೋಡೆಗೆ ಹೊಡೆದರು. ಅಂಗಡಿಯಲ್ಲಿ ರೊಕ್ಕ ಕೊಟ್ಟರೆ ಇಪ್ಪತ್ತು ಅಂಕಿಗಳ ಒಂದು ಚೀಟಿ ಕೊಡುತ್ತಾರೆ. ಆ ಇಪ್ಪತ್ತೂ ಅಂಕಿಗಳನ್ನು ಮೀಟರಿನ ಗುಂಡಿಗಳ ಮೇಲೆ ಒತ್ತಿದರೆ ದೀಪ. ಕತ್ತಲೆಯಲ್ಲಿ, ಕನ್ನಡಕವಿಲ್ಲದೆ, ಇಪ್ಪತ್ತು ಅಂಕಿ! ಆ ಮೀಟರುಗಳೊಳಗೆ 1993ರ ಜನವರಿ 1ರಿಂದ ನಿಮಿಷಗಳನ್ನು ಎಣಿಸುವ ಲೆಕ್ಕವೊಂದು ಇತ್ತು. ಆ ಎಣಿಕೆಗೆ ಇಟ್ಟ ಜಾಗ 2024ರ ನವೆಂಬರ್ 24ಕ್ಕೆ ತುಂಬಿಹೋಯಿತು. ಅಷ್ಟರೊಳಗೆ ಬೇರೆ ಎರಡು ಸಂಖ್ಯೆಗಳನ್ನು ಒತ್ತಿ ಹೊಸ ಲೆಕ್ಕಕ್ಕೆ ತಿರುಗಿಸಿಕೊಳ್ಳದ ಮೀಟರು ಮುಂದೆ ಯಾವ ಚೀಟಿಯನ್ನೂ ಒಪ್ಪುವುದಿಲ್ಲ ಎಂದು ಮನೆ ಮನೆಗೆ ಸಾರಬೇಕಾಯಿತು. ಇಂಥ ತಾರೀಖುಗಳು ಯಂತ್ರದ ಹೊಟ್ಟೆಯಲ್ಲಿ ಇರುತ್ತವೆ ಎಂಬುದು ಅದನ್ನು ಬಳಸುವ ಮನೆಯಾಕೆಗೆ ಹೇಗೆ ತಿಳಿಯಬೇಕು?

ಅದೇ ಸೊವೆಟೊದ ಫಿರಿ ಎಂಬಲ್ಲಿ ನೀರಿಗೂ ಪ್ರೀಪೇಡ್ ಮೀಟರು ಕೂಡ್ರಿಸಿದರು. ಮನೆಗೆ ತಿಂಗಳಿಗೆ ಆರು ಸಾವಿರ ಲೀಟರು ಉಚಿತ, ಅದು ತೀರಿದರೆ ರೊಕ್ಕ ಹಾಕುವ ತನಕ ನಲ್ಲಿ ಬಂದ್. ಲಿಂಡಿವೆ ಮಜಿಬುಕೊ ಎಂಬ ಹೆಣ್ಣುಮಗಳು ಮತ್ತು ನೆರೆಹೊರೆಯವರು ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು, 2009ರಲ್ಲಿ ದೇಶದ ಸಂವಿಧಾನ ನ್ಯಾಯಾಲಯದಲ್ಲಿ ಸೋತರು. ಮೀಟರು ಕಾನೂನುಬದ್ಧ ಎಂದಾಯಿತು. ಈ ಆರು ಸಾವಿರ ಲೀಟರಿನ ಲೆಕ್ಕ ನಮಗೆ ಬೇಗ ಅರ್ಥವಾಗಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಈಗ ಅಂಥದೇ ಒಂದು ಲೆಕ್ಕ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೀಟರಿನ ತವರಾದ ಬ್ರಿಟನ್ನಿನಲ್ಲಿ 2022ರ ಚಳಿಗಾಲದಲ್ಲಿ ಗ್ಯಾಸು, ಕರೆಂಟು ಎರಡರ ದರವೂ ಮುಗಿಲು ಮುಟ್ಟಿತು. ಬಾಕಿ ಉಳಿಸಿಕೊಂಡವರ ಮನೆಗೆ ಕೋರ್ಟಿನ ವಾರಂಟು ತಂದು, ಬೀಗ ತೆಗೆಸಿ ಒಳಹೊಕ್ಕು, ಪ್ರೀಪೇಡ್ ಮೀಟರು ಕೂಡ್ರಿಸಿ ಬಂದರು. ಕಾಯಿಲೆಯವರು, ಮಕ್ಕಳೊಂದಿಗರು ಎಂದೂ ನೋಡಲಿಲ್ಲ. ಪತ್ರಿಕೆಯೊಂದು ಇದನ್ನು ಬಯಲು ಮಾಡಿದ ಮೇಲೆ 2023ರ ಫೆಬ್ರುವರಿಯಲ್ಲಿ ನಿಯಂತ್ರಣ ಸಂಸ್ಥೆ ಇದನ್ನೆಲ್ಲ ನಿಲ್ಲಿಸಿರೆಂದು ಹೇಳಬೇಕಾಯಿತು. ಆಮೇಲೆ ಮಾಡಿದ ನಿಯಮಗಳಲ್ಲಿ, ಎಪ್ಪತ್ತೈದು ದಾಟಿ ಮನೆಯಲ್ಲಿ ಬೇರೆ ಆಸರೆ ಇಲ್ಲದವರಿಗೆ, ಎಳೆ ಕೂಸಿನ ಮನೆಗೆ ಬಲವಂತವಾಗಿ ಇದನ್ನು ಹಾಕಬಾರದು ಎಂದು ಬರೆದರು. ನೂರು ವರ್ಷಕ್ಕೂ ಹೆಚ್ಚು ಅನುಭವ ಇದ್ದ ದೇಶ ಈ ಮಾತು ಬರೆದದ್ದು 2023ರಲ್ಲಿ! ನಮ್ಮವರು ಅದನ್ನು ಮೊದಲ ಪುಟದಲ್ಲೇ ಬರೆದುಕೊಂಡರೆ ಅಷ್ಟು ವರ್ಷ ಉಳಿಯುತ್ತವೆ.

ನಮ್ಮ ದೇಶದಲ್ಲಿ 2021ರಲ್ಲಿ ಕೇಂದ್ರ ಸರಕಾರ ಇಪ್ಪತ್ತೈದು ಕೋಟಿ ಪ್ರೀಪೇಡ್ ಸ್ಮಾರ್ಟ್ ಮೀಟರುಗಳ ಯೋಜನೆ ಹಾಕಿತು. ಹಂಚಿಕೆ ಕಂಪನಿಗಳು ಸಾಲದಲ್ಲಿ ಮುಳುಗಿವೆ, ಬಾಕಿ ವಸೂಲಿ ಆಗುವುದಿಲ್ಲ, ಕಳ್ಳತನ ನಿಲ್ಲುವುದಿಲ್ಲ ಎಂಬುದು ಕಾರಣ. ಇದು ಸುಳ್ಳಲ್ಲ. ಕಂಪನಿಗಳಿಗೆ ಬರಬೇಕಾದ ದೊಡ್ಡ ಬಾಕಿಯಲ್ಲಿ ಸರಕಾರಿ ಕಚೇರಿಗಳದು, ಪಂಚಾಯತಿಗಳ ಬೀದಿದೀಪ ಮತ್ತು ನೀರಿನ ಪಂಪಿನದು ದೊಡ್ಡ ಪಾಲು ಎಂಬುದೂ ಸುಳ್ಳಲ್ಲ. ಸರಕಾರಿ ಕಚೇರಿಗಳಿಗೇ ಮೊದಲು ಪ್ರೀಪೇಡ್ ಹಾಕಬೇಕೆಂದು ಕೇಂದ್ರದ ಆದೇಶದಲ್ಲೂ ಇತ್ತು. ಆ ಭಾಗ ಓದಿ ನನಗೆ ಬಹಳ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಸಾಹೇಬರ ಎಸಿ ಒಮ್ಮೆ ಬ್ಯಾಲೆನ್ಸ್ ಮುಗಿದು ನಿಲ್ಲಬೇಕು, ಆಗ ನಿಯಮಗಳು ಬೇಗ ಸುಧಾರಿಸುತ್ತವೆ.

ಬಿಹಾರದಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಇಂಥ ಮೀಟರು ಬಂದಿದೆ, 2024ರಲ್ಲಿ ಅಲ್ಲಿ ಪ್ರತಿಭಟನೆಗಳೂ ಆದವು. ಅದೇ ವರ್ಷ ಗುಜರಾತಿನ ವಡೋದರಾದಲ್ಲಿ ಹಾಕಿದ ರೊಕ್ಕ ಬಿಸಿಲಿಗೆ ಇಟ್ಟ ಕರ್ಪೂರ ಆಗುತ್ತಿದೆ ಎಂದು ಹೆಂಗಸರು ಕಚೇರಿಗೆ ನುಗ್ಗಿದರು. ಹೊಸ ಮೀಟರಿನ ಪಕ್ಕದಲ್ಲಿ ಹಳೆಯದನ್ನೂ ಇಟ್ಟು ತಾಳೆ ನೋಡುವ ವ್ಯವಸ್ಥೆ ಮಾಡಬೇಕಾಯಿತು. ಪಕ್ಕದ ಮಹಾರಾಷ್ಟ್ರದ ಸರಕಾರ 2024ರ ಜೂನಿನಲ್ಲಿ ಸಾಮಾನ್ಯರ ಮನೆಗಳಿಗೆ ಪ್ರೀಪೇಡ್ ಹಾಕುವುದಿಲ್ಲ ಎಂದಿತು. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವ ಪ್ರಸಂಗ ಉತ್ತರ ಪ್ರದೇಶದ್ದು. 2020ರ ಆಗಸ್ಟಿನಲ್ಲಿ, ಕೃಷ್ಣ ಜನ್ಮಾಷ್ಟಮಿಯ ದಿನ, ಸ್ಮಾರ್ಟ್ ಮೀಟರು ಇದ್ದ ಒಂದು ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟು ಒಮ್ಮೆಲೇ ಹೋಯಿತು. ಎಲ್ಲೋ ಕೂತು ಕಳಿಸಿದ ತಪ್ಪು ಆಜ್ಞೆಯೊಂದು ಎಲ್ಲ ಮೀಟರುಗಳಿಗೂ ಮುಟ್ಟಿತ್ತು. ರೊಕ್ಕ ಕಟ್ಟಿದವರೂ ಕಟ್ಟದವರೂ ಕತ್ತಲೆಯಲ್ಲಿ ತೊಟ್ಟಿಲು ತೂಗಿದರು.

ಕರ್ನಾಟಕದಲ್ಲಿ 2025ರ ಫೆಬ್ರುವರಿಯಿಂದ ಬೆಂಗಳೂರಿನ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯ ಮಾಡಿತು. ಮೀಟರಿನ ಬೆಲೆ ಹಿಂದಿನದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿತೆಂದು ಗಲಾಟೆಯಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಸ್ಮಾರ್ಟ್ ಎಂಬುದಕ್ಕೂ ಪ್ರೀಪೇಡ್ ಎಂಬುದಕ್ಕೂ ವ್ಯತ್ಯಾಸ ಇದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಸ್ಮಾರ್ಟ್ ಎಂದರೆ ದೂರದಿಂದ ಲೆಕ್ಕ ಓದಲು, ಕಡಿಯಲು, ಕೂಡಿಸಲು ಬರುವ ಮೀಟರು. ಅದನ್ನು ಬಿಲ್ಲಿನ ಪದ್ಧತಿಗೂ ಬಳಸಬಹುದು, ಮುಂಗಡಕ್ಕೂ ಬಳಸಬಹುದು. ಮನೆಗೆ ಬಂದವರು ಬರೀ ಸ್ಮಾರ್ಟ್ ಮೀಟರು ಎಂದರೆ, ಯಾವ ಬಗೆ ಎಂದು ಕೇಳಿ.

ಇನ್ನು ಗೃಹಜ್ಯೋತಿಯ ಮಾತು. 2023ರ ಜುಲೈ ಬಳಕೆಯಿಂದ ಶುರುವಾದ ಈ ಯೋಜನೆಯಲ್ಲಿ 200 ಯೂನಿಟ್ ತನಕ ಉಚಿತ ಎಂಬ ಮಾತು ಎಲ್ಲರಿಗೂ ಗೊತ್ತು. ಅದರೊಳಗಿನ ಗಂಟು ಎಲ್ಲರಿಗೂ ಗೊತ್ತಿಲ್ಲ. ಪ್ರತಿ ಮನೆಗೆ ಅದರ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡಾ ಹತ್ತು ಸೇರಿಸಿ ಒಂದು ಮಿತಿ. ಕಡಿಮೆ ಬಳಸುವವರಿಗೆ 2024ರಿಂದ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ ಎಂದು ಮಾಡಿದರು. ಮಿತಿ ದಾಟಿದರೆ ದಾಟಿದಷ್ಟಕ್ಕೆ ರೊಕ್ಕ, 200 ದಾಟಿದರೆ ಪೂರ್ತಿ ಬಿಲ್ಲು. ಇವತ್ತು ನಮ್ಮ ಓಣಿಯ ಬಹಳ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತದೆ. ಸೊನ್ನೆ ಬರುವ ಮನೆಗೆ ಪ್ರೀಪೇಡ್ ಹಾಕಿದರೆ ಏನು? ಮಿತಿ ತೀರಿದ ಕ್ಷಣಕ್ಕೆ ಕತ್ತಲೆಯೇ, ಅಥವಾ ತಿಂಗಳ ಕೊನೆಗೆ ಲೆಕ್ಕವೇ? ಮೊದಲು ನಾವು ಕೊಟ್ಟು ಆಮೇಲೆ ಸರಕಾರ ತಿರುಗಿ ಕೊಡುವುದೇ? ಫಿರಿಯ ಹೆಂಗಸರ ಆರು ಸಾವಿರ ಲೀಟರಿನ ಕಥೆ ಇಲ್ಲಿ ನಮ್ಮ ಕಥೆಯಾಗುತ್ತದೆ.

ನಮ್ಮ ಓಣಿಯಲ್ಲಿ ರೊಟ್ಟಿ ಬಡಿದು ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸುವ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ದಿನದ ದುಡಿಮೆ, ದಿನದ ಖರ್ಚು. ಐವತ್ತು ರೂಪಾಯಿ, ನೂರು ರೂಪಾಯಿ ಹಾಕಿಕೊಂಡು ಹೋಗುವ ಮೀಟರು ಇಂಥವಳಿಗೆ ಅನುಕೂಲವೇ ಎಂದು ನನ್ನ ಲೆಕ್ಕ. ಅವಳನ್ನೇ ಕೇಳಿದೆ. ಹಿಟ್ಟಿನ ಕೈ ಕೊಡವಿಕೊಂಡು ಹೇಳಿದಳು: 'ಮೊದಲ ರೊಕ್ಕ ಕೊಡೂದು ನಮಗೇನು ಹೊಸಾದಲ್ಲ ಬಿಡ್ರಿ ಅಕ್ಕೋರ. ಜ್ವಾಳಕ್ಕ ಮೊದಲ ಕೊಡತೀನಿ, ಗ್ಯಾಸಿಗೆ ಮೊದಲ ಕೊಡತೀನಿ. ಆದರ ಸಿಲಿಂಡರ್ ಎತ್ತಿ ನೋಡಿದರ ತಿಳೀತೈತಿ, ಜ್ವಾಳದ ಚೀಲ ಮುಟ್ಟಿದರ ತಿಳೀತೈತಿ. ಇದು ಮುಗದದ್ದು ಯಾರಿಗೆ ತಿಳೀತೈತಿ? ಮೆಸೇಜು ನನ್ನ ಮಗನ ಫೋನಿಗೆ ಹೋಗತೈತಿ. ಅವ ಹುಬ್ಬಳ್ಳ್ಯಾಗ ಕೆಲಸದಾಗ ಇರತಾನ. ಕತ್ತಲಾಗೂದು ನನ್ನ ಮನ್ಯಾಗ.'

ವರ್ಷಗಟ್ಟಲೆ ಪಾಠ ಮಾಡಿದ ನಾನು ಓದಿದ ಯಾವ ವರದಿಯಲ್ಲೂ ಈ ಮಾತು ಇಷ್ಟು ನೆಟ್ಟಗೆ ಇರಲಿಲ್ಲ. ಮೀಟರು ಗಂಡಸರ ಹೆಸರಿನಲ್ಲಿ, ರೀಚಾರ್ಜು ಗಂಡುಮಕ್ಕಳ ಫೋನಿನಲ್ಲಿ. ಕರೆಂಟು ಬಳಸುವವರು, ಹೋದರೆ ಕತ್ತಲೆಯಲ್ಲಿ ಕೂಡ್ರುವವರು ಹೆಂಗಸರು, ಮುದುಕರು, ಮಕ್ಕಳು. ಬಿಲ್ಲು ಕಾಗದದ ಮೇಲೆ ಬರುತ್ತಿದ್ದಾಗ ಅದನ್ನು ಮನೆಯಲ್ಲಿದ್ದವಳು ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದಳು, ಓದಿಸಿಕೊಳ್ಳುತ್ತಿದ್ದಳು, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸುತ್ತಿದ್ದಳು. ಹೋದ ತಿಂಗಳಿಗಿಂತ ಹೆಚ್ಚು ಬಂದಿದೆ ಎಂದು ಜಗಳ ತೆಗೆಯುವ ಅಧಿಕಾರ ಅವಳಿಗೆ ಆ ಚೀಟಿಯಿಂದ ಬರುತ್ತಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ಬೇಕಾದವರು ಬೇಡಿ ಹಾಕಿಸಿಕೊಳ್ಳುವಂತಿದ್ದರೆ ಪ್ರೀಪೇಡ್ ಒಳ್ಳೆಯದು. ಬಾಡಿಗೆದಾರರಿಗೆ, ಅಂಗಡಿಯವರಿಗೆ, ತಿಂಗಳ ಪಗಾರದವರಿಗೆ, ವರ್ಷದಲ್ಲಿ ಎರಡು ಸಲ ಊರಿಗೆ ಬರುವವರ ಮನೆಗೆ ಹೊಂದುತ್ತದೆ. ಬೀಗ ಹಾಕಿದ ಮನೆಗೂ ನಿಗದಿತ ಶುಲ್ಕ ಓಡುತ್ತಲೇ ಇರುತ್ತದೆ, ಅದನ್ನು ಮರೆಯಬಾರದು ಅಷ್ಟೇ. ಆದರೆ ಸುಗ್ಗಿಯ ಮೇಲೆ ಬದುಕುವ ಮನೆಗೆ, ಒಂಟಿ ಮುದುಕಿಯ ಮನೆಗೆ ಕಡ್ಡಾಯ ಎಂದರೆ ನಾನು ಒಪ್ಪುವುದಿಲ್ಲ. ಅವರಿಂದ ಕಸಿದುಕೊಳ್ಳುವುದು ಬರೀ ಹದಿನೈದು ದಿನವಲ್ಲ, ಮರ್ಯಾದೆಯ ಉದ್ರಿ.

ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು ವಾರಕ್ಕೊಮ್ಮೆ ಸೇರುತ್ತಾರೆ. ಕಳೆದ ಸಲ ಉಳಿತಾಯದ ಲೆಕ್ಕ ಮುಗಿದ ಮೇಲೆ ಎಲ್ಲರೂ ಮನೆಗೆ ಹೋಗಿ ಕರೆಂಟು ಬಿಲ್ಲು ತರಲಿ ಎಂದೆ. ಆರ್.ಆರ್. ನಂಬರಿಗೆ ಯಾರ ಫೋನು ಜೋಡಿಸಿದೆ ಎಂದು ಒಂದೊಂದೇ ನೋಡಿದೆವು. ಹೆಚ್ಚಿನವು ಗಂಡನವು, ಮಗನವು. ಒಬ್ಬಾಕೆಯದು ಎಂದೋ ಜಾತ್ರೆಯಲ್ಲಿ ಕಳೆದುಹೋದ ಫೋನಿನ ನಂಬರು. ಇನ್ನೊಬ್ಬಾಕೆಯ ಮೀಟರು ಇಂದಿಗೂ ತೀರಿಕೊಂಡ ಮಾವನ ಹೆಸರಿನಲ್ಲಿದೆ. ಹೆಸರು ಬದಲಾಯಿಸುವ ಅರ್ಜಿಗೆ ಏನೇನು ಕಾಗದ ಬೇಕೆಂದು ಪಟ್ಟಿ ಮಾಡಿದೆವು. ಬರುವ ಮಂಗಳವಾರ ಶಾಲೆ ಬಿಟ್ಟ ಮೇಲೆ ಅರ್ಜಿಗಳನ್ನು ನಾನು ಬರೆದುಕೊಡುವುದು, ಬುಧವಾರ ಅವರು ಕುಂದಗೋಳದ ಬಸ್ ಹಿಡಿಯುವುದು ಎಂದಾಗಿದೆ.